ನಮ್ಮ ಮಂದಿ, ನಮ್ಮ ಠೇವಣಿ

ಕಳೆದ ತಿಂಗಳ ಒಂದು ಭಾನುವಾರ. ಹಾಲು ತರಲು ಕೆಳಗಿಳಿದಿದ್ದೆ. ಲಿಫ್ಟಿನ ಹತ್ತಿರ ಮೂರನೇ ಮಹಡಿಯ ಕಾಕಾ ಸಿಕ್ಕರು. ಗದಗಿನ ಕಡೆಯವರು, ಡೊಂಬಿವಿಲಿಗೆ ಬಂದು ನಲವತ್ತೈದು ವರ್ಷವಾಯಿತು. ಕಟ್ಟಡದವರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೇ. ಊರಿನ ಹೊಲ ಮಾರಿದ್ದರು. ಪಾಲು ಹಂಚಿ, ಸಾಲ ತೀರಿಸಿ ಕೈಯಲ್ಲಿ 28 ಲಕ್ಷ ಉಳಿದಿತ್ತು.

"ಸಾಹೇಬ್ರ, ಒಂದ್ ಮಾತ ಕೇಳ್ಬೇಕಾಗಿತ್ತು. ನಿಮ್ಮ ಬ್ಯಾಂಕಿನಾಗ ಬಡ್ಡಿ ಭಾಳ ಕಡಿಮಿ ನೋಡ್ರಿ. ಅಲ್ಲಿ ನಮ್ಮವರ ಸೊಸೈಟ್ಯಾಗ ಹತ್ತು ಟಕ್ಕೆ ಕೊಡ್ತಾರಂತ. ಎಲ್ಲಾ ಅಲ್ಲೇ ಇಟ್ರ ಹೆಂಗ?"

ನಾನು ಕೇಳಿದೆ, "ಕಾಕಾ, ಆ ಠೇವಣಿಗೆ ವಿಮೆ ಐತೇನ್ರಿ?"

ಕಾಕಾ ನಕ್ಕರು. "ನಮ್ಮ ಮಂದೀನ ಅದಾರಲ್ರೀ ಅಲ್ಲಿ. ಅದ ವಿಮಾ."

ಏನು ಹೇಳಬೇಕೋ ಆಗ ಹೊಳೆಯಲಿಲ್ಲ. ಹಾಲಿನ ಚೀಲ ಹಿಡಿದುಕೊಂಡು ಮನೆಗೆ ಬಂದೆ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಕಾಕಾ ಹೇಳಿದ್ದು ಪೂರ್ತಿ ತಪ್ಪಲ್ಲ. ನಮ್ಮ ಕಡೆಯ ಬ್ಯಾಂಕುಗಳು ಹುಟ್ಟಿದ್ದೇ ಆ ಮಾತಿನ ಮೇಲೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಎಂದು ಅದರ ಹೆಸರು. (ಕಾಕಾಗೆ ಇದು ಬಾಯಿಪಾಠ. ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ.) 1906 ಅಂತೂ ಕರಾವಳಿಯವರ ವರ್ಷ. ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಶುರು ಮಾಡಿದರು. ಜುಲೈನಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು, ಅದೇ ಕೆನರಾ ಬ್ಯಾಂಕ್. ಅದೇ ವರ್ಷದ ಡಿಸೆಂಬರಿನಲ್ಲಿ ಇಲ್ಲಿ ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಕೆನರಾದಿಂದ ಹೊಟ್ಟೆಪಾಡಿಗೆ ಬಂದ ಸಾರಸ್ವತ ಗುಮಾಸ್ತರಿಗೆ ಪಠಾಣನ ಬಡ್ಡಿಯ ಬದಲು ಇನ್ನೊಂದು ದಾರಿ ಬೇಕಿತ್ತು. ವಲಸೆ ಬಂದವರು ತಮ್ಮವರನ್ನು ಸೇರಿಸಿಕೊಂಡು ಕಟ್ಟಿದ್ದು, ಅಂದರೆ ನಮ್ಮ ಹಾಗಿನವರ ಕಥೆಯೇ.

ಇಲ್ಲೆಲ್ಲ ಭದ್ರತೆ ಎಂದರೆ ಏನಿತ್ತು? ಸಾಲ ಕೊಡುವವನಿಗೆ ಸಾಲಗಾರನ ಮನೆ ಗೊತ್ತು, ಅವನ ಅಪ್ಪ ಗೊತ್ತು, ಮಗಳ ಮದುವೆ ಯಾವಾಗ ಎಂಬುದೂ ಗೊತ್ತು. ಹಣ ಇಟ್ಟವನಿಗೆ ಮ್ಯಾನೇಜರ್ ದಿನಾ ದೇವಸ್ಥಾನದಲ್ಲಿ ಸಿಗುತ್ತಾನೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು (ಆಗಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್) ಪಿಗ್ಮಿ ಶುರು ಮಾಡಿದಾಗ ಏಜೆಂಟ್ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ. ಅವನ ಮುಖ ನೋಡಿಯೇ ಜನ ಹಣ ಕೊಟ್ಟರು. ಅದು ನಡೆಯಿತು, ಚೆನ್ನಾಗಿಯೇ ನಡೆಯಿತು. ಈಗ ಸಿಂಡಿಕೇಟೂ ಇಲ್ಲ, ಕಾರ್ಪೊರೇಷನ್ನೂ ಇಲ್ಲ. 2020ರ ಏಪ್ರಿಲ್ 1ರಂದು ಒಂದು ಕೆನರಾ ಬ್ಯಾಂಕಿನಲ್ಲಿ, ಇನ್ನೊಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಆದರೆ ಒಬ್ಬ ಠೇವಣಿದಾರನ ಒಂದು ರೂಪಾಯಿಯೂ ಹೋಗಲಿಲ್ಲ, ಅದನ್ನು ಹೇಳಲೇಬೇಕು.

ಎಲ್ಲ ಕಡೆ ಹೀಗಾಗಲಿಲ್ಲ. ಅದೇ 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಮುಳುಗಿತು. ಬಿಳಿಯರ ದೊಡ್ಡ ಹೆಸರು, ಊರಿನವರೆಲ್ಲ ಹಣ ಇಟ್ಟಿದ್ದರು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಿತ್ತು. ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಬೆಳ್ಳಿಯ ಸಟ್ಟಾದಲ್ಲಿ ಕೈಸುಟ್ಟುಕೊಂಡು ಅದೇ ವರ್ಷ ಬಾಗಿಲು ಹಾಕಿತು. ಬಿಳಿಯರದ್ದೂ ಬಿತ್ತು, ಸ್ವದೇಶಿಯೂ ಬಿತ್ತು. 1938ರಲ್ಲಿ ತಿರುವಾಂಕೂರಿನ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್, 1948ರಲ್ಲಿ ಬಂಗಾಳದ ಬ್ಯಾಂಕುಗಳು. ಪ್ರತಿ ಸಲವೂ ಠೇವಣಿಗೆ ವಿಮೆ ಬೇಕು ಎಂಬ ಮಾತು ಏಳುತ್ತಿತ್ತು, ಸ್ವಲ್ಪ ದಿನಕ್ಕೆ ಕಡತದೊಳಗೆ ಮಲಗುತ್ತಿತ್ತು.

ಮಲಗಿದ ಕಡತವನ್ನು ಎಬ್ಬಿಸಿದ್ದು ಪಾಲಾ.

ಕೇರಳದ ಕೊಟ್ಟಾಯಂ ಜಿಲ್ಲೆಯ ಪಾಲಾ ಎಂಬ ಊರು, ರಬ್ಬರು ಮತ್ತು ಮೆಣಸಿನ ಸೀಮೆ. ಅಲ್ಲಿ 1927ರಲ್ಲಿ ಹುಟ್ಟಿದ ಪಾಲೈ ಸೆಂಟ್ರಲ್ ಬ್ಯಾಂಕ್ ಬೆಳೆದು ಕೇರಳದ ಅತಿ ದೊಡ್ಡ ಬ್ಯಾಂಕಾಗಿತ್ತು. ತೋಟದವರು, ಮೇಷ್ಟರು, ಪಿಂಚಣಿದಾರರು ಎಲ್ಲರ ಹಣ ಅಲ್ಲಿ. ಅದು ಅವರಿಗೆ ನಮ್ಮವರ ಬ್ಯಾಂಕೇ. ಒಳಗೆ ಮಾತ್ರ ಕೊಟ್ಟ ಸಾಲ ಹಿಂತಿರುಗದೆ ಹಲವು ವರ್ಷಗಳಿಂದ ಕೊಳೆಯುತ್ತಿತ್ತು. ರಿಸರ್ವ್ ಬ್ಯಾಂಕಿಗೆ ಇದು ಗೊತ್ತಿತ್ತು, ಠೇವಣಿ ಇಟ್ಟವರಿಗೆ ಗೊತ್ತಿರಲಿಲ್ಲ. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕ್ ಕೇರಳ ಹೈಕೋರ್ಟಿಗೆ ಅರ್ಜಿ ಹಾಕಿತು, ಬ್ಯಾಂಕ್ ಮುಚ್ಚಿತು. ಅಷ್ಟೇ. ಬೆಳಿಗ್ಗೆ ಪಾಸ್‌ಬುಕ್ಕಿನಲ್ಲಿದ್ದ ಹಣ ಸಂಜೆಗೆ ಕೋರ್ಟಿನ ವ್ಯವಹಾರವಾಗಿತ್ತು. ಅದೇ ವರ್ಷ ಅಕೋಲಾದ ಲಕ್ಷ್ಮೀ ಬ್ಯಾಂಕೂ ಬಿದ್ದಿತ್ತು. ದಕ್ಷಿಣದ ಉಳಿದ ಬ್ಯಾಂಕುಗಳ ಮುಂದೂ ಜನ ಸಾಲುಗಟ್ಟಿದರು. ಚೆನ್ನಾಗಿದ್ದ ಬ್ಯಾಂಕುಗಳೂ ನಡುಗಿದವು.

ಆಗ ಎರಡು ಕೆಲಸವಾಯಿತು. ಒಂದು, ಬಡವಾಗಿರುವ ಬ್ಯಾಂಕನ್ನು ಸ್ವಲ್ಪ ಕಾಲ ತಡೆಹಿಡಿದು ಗಟ್ಟಿ ಬ್ಯಾಂಕಿನೊಳಗೆ ಸೇರಿಸುವ ಅಧಿಕಾರ 1960ರಲ್ಲೇ ಬಂತು. (2004ರಲ್ಲಿ ಗ್ಲೋಬಲ್ ಟ್ರಸ್ಟ್ ಬ್ಯಾಂಕ್, 2020ರಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕ್ ಬೇರೆ ಬ್ಯಾಂಕಿಗೆ ಸೇರಿದ್ದು ಇದೇ ಅಧಿಕಾರದಿಂದ.) ಎರಡನೆಯದು, 1961ರ ಠೇವಣಿ ವಿಮಾ ಕಾಯಿದೆ. 1962ರ ಜನವರಿ 1ರಿಂದ ನಿಗಮ ಕೆಲಸ ಶುರು ಮಾಡಿತು. ರಾಷ್ಟ್ರಮಟ್ಟದಲ್ಲಿ ಇಂಥದ್ದು ಅದಕ್ಕೂ ಮುಂಚೆ ಇದ್ದದ್ದು ಅಮೆರಿಕದಲ್ಲಿ, 1930ರ ದಶಕದ ಬ್ಯಾಂಕ್ ಕುಸಿತದ ನಂತರ. ನಾವು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ ಎಂದು ನನಗೆ ಈಗಲೂ ಹೆಮ್ಮೆ.

ಮೊದಲ ದಿನ ವಿಮೆ ಎಷ್ಟು ಗೊತ್ತೇ? ಒಬ್ಬ ಠೇವಣಿದಾರನಿಗೆ 1,500 ರೂಪಾಯಿ. ಇದಕ್ಕೆ ಬ್ಯಾಂಕು ನೂರು ರೂಪಾಯಿಗೆ ವರ್ಷಕ್ಕೆ ಐದು ಪೈಸೆ ಕಟ್ಟಬೇಕು. ಠೇವಣಿದಾರನಿಂದ ಕಾಸೂ ಇಲ್ಲ. ಆಗ ನೋಂದಾಯಿತ ಬ್ಯಾಂಕುಗಳು 287, 1967ರ ಕೊನೆಗೆ ಉಳಿದದ್ದು 100. ಸಣ್ಣವನ್ನು ದೊಡ್ಡವು ನುಂಗಿದವು, ರಿಸರ್ವ್ ಬ್ಯಾಂಕೇ ನಿಂತು ನುಂಗಿಸಿತು. ಸಹಕಾರಿ ಬ್ಯಾಂಕುಗಳು ಮೊದಲು ಹೊರಗಿದ್ದವು. 1968ರಲ್ಲಿ ಕಾಯಿದೆ ತಿದ್ದಿ, 1971ರಿಂದ ಅವನ್ನೂ ಒಳಗೆ ತರುವ ಕೆಲಸ ಶುರುವಾಯಿತು.

ವಿಮೆಯ ಮಿತಿ 1968ರಲ್ಲಿ 5,000, 1970ರಲ್ಲಿ 10,000, 1976ರಲ್ಲಿ 20,000, 1980ರಲ್ಲಿ 30,000 ಎಂದು ಏರುತ್ತ ಬಂತು. 1993ರ ಮೇ 1ರಂದು ಒಂದು ಲಕ್ಷ. ಆಮೇಲೆ? ಆಮೇಲೆ ನಿದ್ದೆ. 2020ರ ಫೆಬ್ರವರಿ 4ರವರೆಗೆ, ಸುಮಾರು 27 ವರ್ಷ, ಅದೇ ಒಂದು ಲಕ್ಷ. 1993ರಲ್ಲಿ ಡೊಂಬಿವಿಲಿಯಲ್ಲಿ ಒಂದು ಲಕ್ಷ ಎಂದರೆ ಏನು, 2019ರಲ್ಲಿ ಏನು ಎಂದು ನಿಮಗೆ ನಾನು ಹೇಳಬೇಕೇ? ನಾನು ಕೌಂಟರಿನಲ್ಲಿ ಕೂತು ಎಷ್ಟು ಎಫ್‌ಡಿ ರಸೀದಿ ಬರೆದಿದ್ದೇನೋ ಲೆಕ್ಕವಿಲ್ಲ. ಆ ವರ್ಷಗಳಲ್ಲಿ "ಇದರಲ್ಲಿ ಒಂದು ಲಕ್ಷಕ್ಕೆ ಮಾತ್ರ ವಿಮೆ" ಎಂದು ನಾನಾಗಿ ಯಾರಿಗೂ ಹೇಳಿದ ನೆನಪಿಲ್ಲ. ಕೇಳಿದವರೂ ಇಲ್ಲ. ಗೋಡೆಯ ಮೇಲೆ ಚೀಟಿ ಅಂಟಿಸಿತ್ತು, ಓದಿದವರು ಯಾರು?

2019ರ ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲರೂ ಓದಿದರು. ಪಂಜಾಬ್ ಅಂಡ್ ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕ್, ಅಂದರೆ ಪಿಎಂಸಿ. 1984ರಲ್ಲಿ ಶುರುವಾದದ್ದು, 137 ಶಾಖೆ, ಕರ್ನಾಟಕದಲ್ಲೂ ಇದ್ದವು. ಠೇವಣಿ 11,600 ಕೋಟಿಗೂ ಹೆಚ್ಚು. ಕೊಟ್ಟ ಸಾಲದ ಮುಕ್ಕಾಲು ಪಾಲು ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಹೋಗಿತ್ತು. ಅದನ್ನು ಮುಚ್ಚಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆಗಳು. ರಿಸರ್ವ್ ಬ್ಯಾಂಕಿನ ಮೊದಲ ಆದೇಶದ ಪ್ರಕಾರ ಆರು ತಿಂಗಳಲ್ಲಿ ಒಬ್ಬ ಖಾತೆದಾರ ತೆಗೆಯಬಹುದಾದದ್ದು 1,000 ರೂಪಾಯಿ. ಹೌದು, ಒಂದು ಸಾವಿರ. ಅದು ಹತ್ತು ಸಾವಿರ, ಇಪ್ಪತ್ತೈದು, ನಲವತ್ತು, ಐವತ್ತು ಎಂದು ಏರುತ್ತ ಒಂದು ಲಕ್ಷ ತಲುಪುವಾಗ 2020ರ ಜೂನ್. ಅಲ್ಲೂ ಮೂಲದಲ್ಲಿ ನಮ್ಮವರು ಎಂಬ ನಂಟಿತ್ತು. ಪಂಜಾಬಿಗಳ ಎಷ್ಟೋ ಕುಟುಂಬಗಳು ಅಪ್ಪ, ಮಗ, ಸೊಸೆ ಎಂದು ಎಲ್ಲರ ಖಾತೆಯನ್ನೂ ಅಲ್ಲೇ ಇಟ್ಟಿದ್ದವು. ಹೌಸಿಂಗ್ ಸೊಸೈಟಿಗಳ ರಿಪೇರಿ ನಿಧಿಯೂ ಅಲ್ಲೇ. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿತು. ಐದು ಲಕ್ಷದವರೆಗಿನ ಹಣ ವಿಮೆಯಿಂದ ಬಂತು, ಮೇಲಿನದ್ದಕ್ಕೆ ಹತ್ತು ವರ್ಷದವರೆಗೂ ಕಂತು. ಎಪ್ಪತ್ತೈದು ದಾಟಿದವರಿಗೆ ಹತ್ತು ವರ್ಷದ ಕಂತು!

2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ ಬಸವನಗುಡಿಯ ಪಿಂಚಣಿದಾರರ ಗೋಳು ನಿಮಗೆ ಗೊತ್ತೇ ಇದೆ. 2025ರ ಫೆಬ್ರವರಿಯಲ್ಲಿ ಇಲ್ಲೇ ಮುಂಬಯಿಯ ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕಿನ ತಿಜೋರಿಯಿಂದ ನಗದೇ ಮಾಯವಾದ ಸುದ್ದಿ ಬಂತು, ಕೆಲವು ದಿನ ಒಂದು ಪೈಸೆಯೂ ತೆಗೆಯುವಂತಿರಲಿಲ್ಲ.

ಪಿಎಂಸಿ ಗಲಾಟೆಯಿಂದಾಗಿ ಎರಡು ಒಳ್ಳೆಯದಾಯಿತು. ಮಿತಿ ಐದು ಲಕ್ಷವಾಯಿತು. 2021ರ ಸೆಪ್ಟೆಂಬರಿನಿಂದ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಮುಚ್ಚುವವರೆಗೆ ಕಾಯದೆ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂದು ನಿಯಮ ಬಂತು.

ಇಷ್ಟು ಓದಿಕೊಂಡು ಮುಂದಿನ ಭಾನುವಾರ ಕಾಕಾ ಮನೆಗೆ ಹೋದೆ. ಕಾಕೂ ಅವಲಕ್ಕಿ ಕೊಟ್ಟರು. ಕಾಗದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದೆವು. ನಿಮಗೂ ಉಪಯೋಗವಾದೀತು, ಬರೆಯುತ್ತೇನೆ.

ಐದು ಲಕ್ಷ ಎನ್ನುವುದು ಒಂದು ಬ್ಯಾಂಕಿಗೆ ಒಬ್ಬರಿಗೆ. ಡೊಂಬಿವಿಲಿ ಶಾಖೆಯಲ್ಲಿ ಐದು, ಠಾಣೆ ಶಾಖೆಯಲ್ಲಿ ಐದು ಇಟ್ಟರೆ ಹತ್ತಾಗುವುದಿಲ್ಲ, ಎಲ್ಲ ಶಾಖೆ ಕೂಡಿಸಿ ಐದೇ. ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ ಎಲ್ಲ ಸೇರಿ. ಅಸಲು ಮಾತ್ರವಲ್ಲ, ಬಡ್ಡಿಯೂ ಅದರೊಳಗೆ. ಹಾಗಾಗಿ ಸರಿಯಾಗಿ ಐದು ಲಕ್ಷ ಇಟ್ಟರೆ ಬಡ್ಡಿ ಹೊರಗುಳಿಯುತ್ತದೆ, ನಾಲ್ಕೂವರೆ ಇಡಿ. ಆ ಬ್ಯಾಂಕಿನಲ್ಲೇ ಸಾಲವಿದ್ದರೆ ಅದನ್ನು ಕಳೆದು ಕೊಡುತ್ತಾರೆ. ಗಂಡನ ಹೆಸರಿನದು ಬೇರೆ, ಹೆಂಡತಿಯ ಹೆಸರಿನದು ಬೇರೆ, ಇಬ್ಬರ ಜಂಟಿ ಖಾತೆ ಮತ್ತೊಂದು ಬೇರೆ. ಹೀಗೆ ಒಂದೇ ಬ್ಯಾಂಕಿನಲ್ಲಿ ಕಾಕಾ, ಕಾಕೂ ಸೇರಿ ಹದಿಮೂರೂವರೆ ಲಕ್ಷ ವಿಮೆಯೊಳಗೆ ಇಡಬಹುದು, ಎರಡು ಬ್ಯಾಂಕಿನಲ್ಲಿ 27. ಕಾಕಾಗೆ ಅರವತ್ತು ದಾಟಿದ್ದರಿಂದ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಇದೆ. 2023ರಲ್ಲಿ ಅದರ ಮಿತಿ 15ರಿಂದ 30 ಲಕ್ಷಕ್ಕೆ ಏರಿತು, ಹಿಂದೆ ಸರ್ಕಾರವೇ ನಿಂತಿರುತ್ತದೆ. (ನನ್ನ ಬ್ಯಾಂಕಿಗೆ ಗಿರಾಕಿ ಹಿಡಿಯುತ್ತಿದ್ದೇನೆ ಎಂದುಕೊಳ್ಳಬೇಡಿ, ಅಂಚೆ ಕಚೇರಿಯಿಂದ ನನಗೆ ಕಮಿಷನ್ ಇಲ್ಲ!)

"ಮತ್ತ ನಮ್ಮ ಸೊಸೈಟಿ?" ಎಂದರು ಕಾಕಾ.

ಅವರು ತಂದಿದ್ದ ಕರಪತ್ರ ತಿರುಗಿಸಿ ನೋಡಿದೆ. ಅದು ಸಹಕಾರಿ ಬ್ಯಾಂಕೇ ಅಲ್ಲ, ಪತ್ತಿನ ಸಂಘ. ಇಲ್ಲಿ ಪತಪೇಢಿ ಎನ್ನುತ್ತಾರಲ್ಲ, ಅದು. ಅದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲ, ಠೇವಣಿ ವಿಮೆ ಐದು ಲಕ್ಷವೂ ಇಲ್ಲ, ಐದು ರೂಪಾಯಿಯೂ ಇಲ್ಲ. ಊರಲ್ಲಿ ಸೌಹಾರ್ದ ಸಹಕಾರಿ ಎಂಬ ಬೋರ್ಡು ನೋಡುತ್ತೀರಲ್ಲ, ಅವಕ್ಕೂ ಇದೇ ಕಥೆ. ಎಷ್ಟೋ ಚೆನ್ನಾಗಿ ನಡೆಯುತ್ತಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣಗಿನಹಾಳದ ಗೌಡರಿಗೆ ಸಾಲ ತೆಗೆದುಕೊಂಡವನ ಹೊಲ ಕಣ್ಣಿಗೆ ಕಾಣುತ್ತಿತ್ತು. ಈ ಸೊಸೈಟಿಯ ಹಣ ಯಾರ ಕೈಗೆ ಹೋಗುತ್ತದೆ ಎಂದು ಕಾಕಾಗೆ ಗೊತ್ತೇ? ಕೇಳಿದೆ. ಗೊತ್ತಿರಲಿಲ್ಲ. ಅಧ್ಯಕ್ಷರು ಯಾರು ಗೊತ್ತು, ಅವರ ಮಗಳ ಮದುವೆಯಲ್ಲಿ ಉಂಡಿದ್ದಾರೆ. ಲೆಕ್ಕಪತ್ರ ನೋಡಿದ್ದೀರಾ ಎಂದರೆ, "ಅದನ್ನ ಹೆಂಗ ಕೇಳೋದ್ರಿ, ಮುಖ ನೋಡಿ?"

ಅವತ್ತು ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕಾಕೂ ಮಾತ್ರ ಒಳಗಿನಿಂದ, "ಹೊಲಾ ಒಂದ್ ಹೋತು, ಇನ್ನ ಇದು" ಎಂದರು.

ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ಕಾಕಾ ತಾವಾಗಿಯೇ ಹೇಳಿದರು. ಇಪ್ಪತ್ತು ಲಕ್ಷ ಅಂಚೆ ಕಚೇರಿಯಲ್ಲಿ. ಏಳು ಲಕ್ಷವನ್ನು ತಮ್ಮ ಹೆಸರಿನಲ್ಲಿ ಸ್ವಲ್ಪ, ಕಾಕೂ ಹೆಸರಿನಲ್ಲಿ ಸ್ವಲ್ಪ ಎಂದು ಬ್ಯಾಂಕಿನಲ್ಲಿ ಹಾಕಿದ್ದಾರೆ.

"ಇನ್ನೊಂದು ಲಕ್ಷ?" ಎಂದೆ.

"ಅದನ್ನ ಸೊಸೈಟ್ಯಾಗ ಇಟ್ಟೇನ್ರಿ. ನಾಳೆ ಮೊಮ್ಮಗಳ ಮದುವಿಗೆ ಆ ಮಂದಿನ ಕರೀಬೇಕಲ್ರೀ."