ಬೇನೆ ಯಾರದು, ವಿದ್ಯೆ ಯಾರದು?

ವೈದ್ಯಶಾಸ್ತ್ರದ ಚರಿತ್ರೆ ಬರೆಯುವವರು ಡಾಕ್ಟರುಗಳ ಹೆಸರು ಬರೀತಾರೆ. ಆ ಡಾಕ್ಟರುಗಳು ಯಾರ ಮೈ ಕುಯ್ದು ವಿದ್ಯೆ ಕಲಿತರು ಅನ್ನೋದನ್ನ ಮಾತ್ರ ನುಂಗಿಬಿಡ್ತಾರೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ 1845ರಿಂದ 1849ರವರೆಗೆ ನಡೆದದ್ದು ಅಂಥ ನುಂಗಿದ ಚರಿತ್ರೆ.

ಅನಾರ್ಕಾ ಒಬ್ಬ ತೋಟದೊಡೆಯನ ಗುಲಾಮಳು. ಹದಿನೇಳರ ಪ್ರಾಯ. ಮೂರು ದಿನ ಬೇನೆ ತಿಂದರೂ ಕೂಸು ಹೊರಗೆ ಬರಲಿಲ್ಲ. ಜೆ. ಮರಿಯನ್ ಸಿಮ್ಸ್ ಎಂಬ ಬಿಳಿ ಡಾಕ್ಟರನ್ನು ಕರೆಸಿದರು. ಅವನು ಇಕ್ಕಳ ಹಾಕಿ ಕೂಸನ್ನು ಎಳೆದ. ಇಕ್ಕಳ ಹಿಡಿದು ತನಗೆ ಹೆಚ್ಚು ರೂಢಿ ಇರಲಿಲ್ಲ ಅಂತ ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಹೆರಿಗೆ ದಿನಗಟ್ಟಲೆ ತಡೆದು ನಿಂತರೆ ಕೂಸಿನ ತಲೆ ತಾಯಿಯ ಮೂತ್ರಕೋಶವನ್ನು ಎಲುಬಿಗೆ ಒತ್ತಿ ಹಿಡಿಯುತ್ತದೆ. ರಕ್ತ ಹರಿಯದೆ ಅಲ್ಲಿಯ ಮಾಂಸ ಸತ್ತು ತೂತು ಬೀಳುತ್ತದೆ. ಇದೇ ಫಿಸ್ಟುಲಾ. ಆಮೇಲೆ ಹಗಲಿರುಳೂ ಮೂತ್ರ ಸೋರುತ್ತಲೇ ಇರುತ್ತದೆ. ಅನಾರ್ಕಾಳಿಗೆ ಆದದ್ದು ಇದು. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಗುಲಾಮ ಅನ್ನೋದು ಅಲ್ಲಿನ ಕಾನೂನು. ಹಾಗಾಗಿ ದುಡಿಯಲಾರದ, ಹೆರಲಾರದ ಹೆಣ್ಣು ಒಡೆಯನ ಲೆಕ್ಕದಲ್ಲಿ ನಷ್ಟ. ಒಡೆಯರು ಇಂಥ ಹೆಂಗಸರನ್ನು ಸಿಮ್ಸನಿಗೆ ಒಪ್ಪಿಸಿದರು. ಹೆಂಗಸರ ಒಪ್ಪಿಗೆ ಕೇಳುವ ಮಾತೇ ಇರಲಿಲ್ಲ.

ಅನಾರ್ಕಾ, ಲೂಸಿ, ಬೆಟ್ಸಿ. ಸಿಮ್ಸ್ ಬರೆದಿಟ್ಟ ಹೆಸರುಗಳು ಈ ಮೂರೇ, ಉಳಿದವರು ಹೆಸರಿಲ್ಲದವರು. ಅರಿವಳಿಕೆ ಕೊಡದೆ ಮತ್ತೆ ಮತ್ತೆ ಕುಯ್ದ, ಹೊಲಿದ. ಜೊತೆಗಿದ್ದ ಬಿಳಿ ಡಾಕ್ಟರುಗಳು ಬೇಸತ್ತು ಬಿಟ್ಟುಹೋದ ಮೇಲೆ ಈ ಹೆಂಗಸರೇ ಒಬ್ಬರಿಗೊಬ್ಬರು ಸಹಾಯಕರಾದರು. 1849ರಲ್ಲಿ ಬೆಳ್ಳಿ ತಂತಿಯ ಹೊಲಿಗೆ ಕೂಡಿಕೊಂಡಾಗ ಅದು ಅನಾರ್ಕಾಳ ಮೈಮೇಲೆ ಸುಮಾರು ಮೂವತ್ತನೆಯ ಶಸ್ತ್ರಕ್ರಿಯೆ.

ಆಗ ಅರಿವಳಿಕೆಯೇ ಇರಲಿಲ್ಲವಲ್ಲ ಅಂತ ಕೇಳುವವರಿದ್ದಾರೆ. ಶುರುವಿನಲ್ಲಿ ಇರಲಿಲ್ಲ, ನಿಜ. 1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಈಥರ್ ಬಳಸಿ ತೋರಿಸಿದರು. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಹೆರಿಗೆ ಬೇನೆಗೆ ಈಥರ್, ಆಮೇಲೆ ಕ್ಲೋರೋಫಾರ್ಮ್ ಕೊಟ್ಟ. 1853ರಲ್ಲಿ ವಿಕ್ಟೋರಿಯಾ ರಾಣಿ ಕ್ಲೋರೋಫಾರ್ಮ್ ಪಡೆದು ಹೆತ್ತಳು. ಸಿಮ್ಸ್ ಮಾತ್ರ 1857ರಲ್ಲೂ, ಈ ಶಸ್ತ್ರಕ್ರಿಯೆಗೆ ಅರಿವಳಿಕೆ ಬೇಕಾಗುವಷ್ಟು ನೋವಿಲ್ಲ ಅಂತಲೇ ಹೇಳಿದ. ಕರಿಯರಿಗೆ ನೋವು ಕಡಿಮೆ ಅನ್ನೋದು ಆ ಕಾಲದ ಎಷ್ಟೋ ಬಿಳಿ ಡಾಕ್ಟರುಗಳ ನಂಬಿಕೆಯಾಗಿತ್ತು.

ಇವತ್ತು ಬೆನ್ನಿಗೆ ಸೂಜಿ ಹಾಕಿ ಬೇನೆ ಕಳೆಯುವ ಎಪಿಡ್ಯೂರಲ್ ಇದೆ. ಅದರಿಂದ ಹೆರಿಗೆಯಲ್ಲಿ ಗಾಯವಾಗುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಹಿಂದೆ ಮದ್ದಿನ ಪ್ರಮಾಣ ಜಾಸ್ತಿ ಇದ್ದಾಗ ತಾಯಿಗೆ ಕೂಸನ್ನು ತಳ್ಳುವ ಶಕ್ತಿ ಕುಂದಿ ಇಕ್ಕಳದ ಬಳಕೆ ಹೆಚ್ಚಿತ್ತು. ಇಕ್ಕಳ ಹಾಕಿದ ಕಡೆ ಮೈ ಹರಿಯುವುದೂ ಹೆಚ್ಚು. ಈಗಿನ ಕಡಿಮೆ ಪ್ರಮಾಣದ ಮದ್ದಿನಲ್ಲಿ ಆ ಅಪಾಯ ಬಹಳ ತಗ್ಗಿದೆ. ಅನಾರ್ಕಾಳಿಗಂತೂ ಮದ್ದೇ ಸಿಗಲಿಲ್ಲ, ಆದರೂ ಗಾಯವಾಯಿತು. ತಡೆದು ನಿಂತ ಹೆರಿಗೆಗೆ ಸಕಾಲಕ್ಕೆ ನೆರವು ಸಿಗದ ಬಡ ಹೆಂಗಸರು ಆಫ್ರಿಕಾ, ಏಷ್ಯಾಗಳಲ್ಲಿ ಇವತ್ತಿಗೂ ಅದೇ ಗಾಯ ಹೊತ್ತು ಬದುಕುತ್ತಿದ್ದಾರೆ.

ಸಿಮ್ಸನಿಗೆ 1894ರಲ್ಲಿ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದರು. ಜನ ಎದ್ದು ಕೇಳಿದ ಮೇಲೆ 2018ರಲ್ಲಿ ಅದನ್ನು ಕಿತ್ತರು. 2021ರಲ್ಲಿ ಮಾಂಟ್‌ಗೊಮರಿಯಲ್ಲಿ ಆ ಮೂವರು ಹೆಂಗಸರ ಪ್ರತಿಮೆಗಳು ಎದ್ದು ನಿಂತವು.

ಇದು ನಮಗೆ ದೂರದ ಕಥೆಯಲ್ಲ. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ ತನ್ನ ಹೆಸರನ್ನು ಪಡೆದದ್ದು ಅಮೆರಿಕದ ಕರಿಯರ ಹೋರಾಟದಿಂದಲೇ. ಮೇಷ್ಟ್ರುಗಳೇ, ಪಾಠದಲ್ಲಿ ಸಿಮ್ಸನ ಹೆಸರು ಬಂದರೆ ಬೋರ್ಡಿನ ಮೇಲೆ ಮೊದಲು ಈ ಮೂರು ಹೆಸರು ಬರೆಯಿರಿ: ಅನಾರ್ಕಾ, ಲೂಸಿ, ಬೆಟ್ಸಿ.