ಕಾಲಿನ ಬಿಗಿಕಟ್ಟು: ಒಂದು ಐತಿಹಾಸಿಕ ವಿವೇಚನೆ

ರಾಯಬಾಗ ತಾಲೂಕಿನ ಪಾಲಬಾವಿಯಂತಹ ಗ್ರಾಮಗಳಿಂದ ಕಠಿಣ ವ್ಯಾಧಿಗೆ ತುತ್ತಾದವರನ್ನು ಬೆಳಗಾವಿಗಾಗಲಿ, 1894ರಲ್ಲಿ ವಾನ್ಲೆಸ್ ಆಸ್ಪತ್ರೆಯು ಆರಂಭವಾದ ಮೀರಜಿಗಾಗಲಿ ಒಯ್ಯುವುದುಂಟು. ಇಂದಿನ ತೀವ್ರ ನಿಗಾ ಘಟಕದಲ್ಲಿ ರೋಗಿಯ ಕಾಲಿಗೆ ಗಾಳಿ ತುಂಬಿ ಬಿಡುವ ಪಟ್ಟಿಗಳನ್ನು ಸುತ್ತಿದ್ದರೆ, ಅದನ್ನು ಬಾವು ಇಳಿಸುವ ಯಂತ್ರವೆಂದೇ ಬಂಧುಗಳು ಭಾವಿಸುವುದು ಸಹಜ. ಇದು ಅರ್ಧ ಸತ್ಯವೆಂಬುದನ್ನು ಬಿಗಿಕಟ್ಟಿನ ಇತಿಹಾಸದಿಂದಲೇ ತೋರಿಸುವುದು ನಮ್ಮ ಉದ್ದೇಶ.

ಸುಶ್ರುತಸಂಹಿತೆಯ ಸೂತ್ರಸ್ಥಾನವು ವ್ರಣಗಳಿಗೆ 14 ಬಗೆಯ ಬಂಧಗಳನ್ನು ಹೇಳುತ್ತದೆ. ಕೈಕಾಲುಗಳಿಗೆ ವಿಧಿಸಿದ್ದು ಸುತ್ತಿಕೊಂಡು ಹೋಗುವ ಅನುವೇಲ್ಲಿತ ಬಂಧ. ಬಿಗಿಯಲ್ಲಿಯೂ ಗಾಢ, ಸಮ, ಶಿಥಿಲವೆಂಬ ಮೂರು ಭೇದಗಳುಂಟು: ತೊಡೆಗೆ ಗಾಢ, ಕೈಕಾಲುಗಳಿಗೆ ಸಮ, ಕಣ್ಣು ಮತ್ತು ಸಂಧಿಗಳಿಗೆ ಶಿಥಿಲ. ಒತ್ತಡವು ಸ್ಥಾನವನ್ನು ಅನುಸರಿಸಬೇಕೆಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ.

ಎರಡನೆಯ ಉದ್ದೇಶಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ತಳಹದಿ ದೊರೆಯಿತು. ಕಾಲಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿ ಶ್ವಾಸಕೋಶವನ್ನು ಸೇರಬಲ್ಲುದೆಂದು ಜರ್ಮನಿಯ ವಿರ್ಶೋ ವಿವರಿಸಿದನು. ಅವನ ಪ್ರಬಂಧಗಳ ಸಂಗ್ರಹವು 1856ರಲ್ಲಿ ಪ್ರಕಟವಾಯಿತು. ಚಲನೆಯಿಲ್ಲದೆ ಮಲಗಿದವನಿಗೆ ಈ ಅಪಾಯವು ಹೆಚ್ಚು. ನಡೆಯುವಾಗ ಮೀನಖಂಡದ ಸ್ನಾಯುಗಳು ಮಾಡುವ ಕೆಲಸವನ್ನೇ ಗಾಳಿಪಟ್ಟಿಯು ಅನುಕರಿಸಿ ರಕ್ತವನ್ನು ಮೇಲಕ್ಕೆ ನೂಕುತ್ತದೆ.

ಆದರೆ ತರ್ಕವು ಪ್ರಯೋಗವಲ್ಲ. ಪಾರ್ಶ್ವವಾಯುವಿಗೊಳಗಾದ 2,876 ರೋಗಿಗಳನ್ನು ಒಳಗೊಂಡು ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಾಲಿನ ಮೇಲ್ಭಾಗದ ಆಳವಾದ ಅಭಿಧಮನಿಗಳ ಹೆಪ್ಪು ಪಟ್ಟಿ ಧರಿಸಿದವರಲ್ಲಿ ಶೇಕಡಾ 8.5, ಉಳಿದವರಲ್ಲಿ ಶೇಕಡಾ 12.1 ಕಂಡಿತು. ಭಾರತವೂ ಸೇರಿ ನಾಲ್ಕು ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯ ಫಲವು ಬೇರೆ: ಹೆಪ್ಪು ತಡೆಯುವ ಔಷಧವನ್ನು ಎಲ್ಲರಿಗೂ ಕೊಟ್ಟಿದ್ದಾಗ, ಪಟ್ಟಿ ಇದ್ದವರಲ್ಲಿ ಶೇಕಡಾ 3.9, ಇಲ್ಲದವರಲ್ಲಿ ಶೇಕಡಾ 4.2. ಈ ಅಂತರವು ನಿರ್ಣಾಯಕವಲ್ಲ. ಆದುದರಿಂದ ರಕ್ತಸ್ರಾವದ ಭಯದಿಂದ ಔಷಧವನ್ನು ಕೊಡಲಾಗದ ರೋಗಿಗೇ ಪಟ್ಟಿಯ ಮಹತ್ವವು ಹೆಚ್ಚು.

ಬಾವಿನ ಪ್ರಶ್ನೆಯು ಪ್ರತ್ಯೇಕ. ಕಾಸರಗೋಡಿನ ಆನ್ವಯಿಕ ಚರ್ಮಶಾಸ್ತ್ರ ಸಂಸ್ಥೆಯು ಆನೆಕಾಲು ಬಾವಿಗೆ ಆಯುರ್ವೇದ ಮತ್ತು ಯೋಗದೊಡನೆ ಬಿಗಿಪಟ್ಟಿಯನ್ನು ಬಳಸುತ್ತದೆ. ಅಲ್ಲಿ ಬಾವು ಇಳಿಸುವುದೇ ಗುರಿ. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯದಿಂದ ಬಂದ ಬಾವಿಗಾದರೋ ಮೂಲ ಕಾರಣವಾದ ವ್ಯಾಧಿಯ ಚಿಕಿತ್ಸೆಯೇ ಮುಖ್ಯ. ಕಾಲಿನ ಅಪಧಮನಿಗಳಲ್ಲಿ ರಕ್ತಸಂಚಾರವು ಕುಂದಿದ್ದರೆ ಒತ್ತಡವೇ ಹಾನಿಕರ.

ಸಾಧನವು ಬಟ್ಟೆಯಿಂದ ಯಂತ್ರಕ್ಕೆ ಬೆಳೆದಿದೆ. ಎಲ್ಲಿ, ಎಷ್ಟು, ಯಾವ ಉದ್ದೇಶಕ್ಕೆ ಎಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಕೇಳದೆ ಕಟ್ಟಿದ ಕಟ್ಟು ಪ್ರಾಚೀನವಾದರೂ ನವೀನವಾದರೂ ನಿಷ್ಫಲವೆಂದು ನಾವು ಭಾವಿಸುತ್ತೇವೆ.