ಯಾರ ಜೇಬಿಗೂ ಹೋಗದ ದುಡ್ಡು: ಎಸ್ಕ್ರೋ ಹುಟ್ಟಿದ ಕಥೆ

ಇವತ್ತು ಒಂದು ಪದದ ಚರಿತ್ರೆ. ಪದ ‘ಎಸ್ಕ್ರೋ’. ಬಿಕಾಂ ಓದುವಾಗ ನಾನು ಇದಕ್ಕೆ ಎರಡು ಸಾಲಿನ ಉತ್ತರ ಬಾಯಿಪಾಠ ಮಾಡಿದ್ದೆ, ಎರಡು ಮಾರ್ಕ್ಸ್ ಬಂತು, ಮರೆತೆ. ಮತ್ತೆ ನೆನಪಾಗಿದ್ದು ನಮ್ಮ ಚಿಕ್ಕಪ್ಪನಿಂದ.

ಚಿಕ್ಕಪ್ಪ ಒಂದು ಥರ್ಟಿ ಫಾರ್ಟಿ ಸೈಟಿಗೆ 5 ಲಕ್ಷ ಅಡ್ವಾನ್ಸ್ ಕೊಟ್ರು. ಸ್ಟಾಂಪ್ ಪೇಪರ್ ಮೇಲೆ ಕರಾರಾಯ್ತು, ಸಾಕ್ಷಿಗಳು ಸಹಿ ಹಾಕಿದ್ರು, ಎಲ್ಲರೂ ಸೇರಿ ಮಸಾಲೆ ದೋಸೆ ತಿಂದದ್ದೂ ಆಯ್ತು. ತಿಂಗಳಾದ ಮೇಲೆ ಇಸಿ ತೆಗೆಸಿದರೆ ಸೈಟು ಬ್ಯಾಂಕಿಗೆ ಅಡ ಇದೆ! ‘ನಿಮ್ಮ ಅಡ್ವಾನ್ಸಲ್ಲೇ ಸಾಲ ತೀರಿಸ್ತೀನಿ’ ಅಂದಿದ್ದ ಮಾರಾಟಗಾರರು ಅದನ್ನ ಆಗಲೇ ಬೇರೆ ಯಾವುದಕ್ಕೋ ಖರ್ಚು ಮಾಡಿದ್ರು. ಸೈಟೂ ಇಲ್ಲ, ದುಡ್ಡೂ ಇಲ್ಲ.

ಇಲ್ಲಿರೋ ಸಮಸ್ಯೆ ತುಂಬಾ ಹಳೇದು. ಕೊಳ್ಳೋನು ‘ಮೊದಲು ಪತ್ರ ಕೊಡು’ ಅಂತಾನೆ, ಮಾರೋನು ‘ಮೊದಲು ದುಡ್ಡು ಕೊಡು’ ಅಂತಾನೆ. ಯಾರು ಮೊದಲು ಕೈ ಚಾಚ್ತಾರೋ ಅವರು ಸಿಕ್ಕಿಹಾಕ್ಕೊಳ್ತಾರೆ.

ಈಗ ಇಂಗ್ಲೆಂಡಿಗೆ ಹೋಗೋಣ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟು, ಕಾನೂನಿನ ಭಾಷೆಯೊಳಗೆ ಫ್ರೆಂಚ್ ನುಗ್ಗಿತು. ಎಸ್ಕ್ರೋ ಬಂದದ್ದೂ ಹಳೇ ಫ್ರೆಂಚಿನಿಂದಲೇ. ಮೂಲದಲ್ಲಿ ಅದರ ಅರ್ಥ ಒಂದು ಚೂರು, ಚರ್ಮದ ಹಾಳೆಯ ತುಂಡು, ಸುರುಳಿ. ಇಂಗ್ಲಿಷಿನ ‘ಸ್ಕ್ರೋಲ್’ ಇದರದೇ ಬಂಧು. ಹೌದು, ನೀವು ರೀಲ್ಸ್ ನೋಡ್ತಾ ದಿನಾ ಮಾಡೋ ಅದೇ ಸ್ಕ್ರೋಲ್.

ಜಮೀನಿನ ಪತ್ರಕ್ಕೆ ‘ಚೂರು’ ಅನ್ನೋ ಹೆಸರು ಯಾಕೆ? ಅಲ್ಲಿನ ಹಳೇ ಕಾನೂನಿನಲ್ಲಿ ಪತ್ರಕ್ಕೆ ಜೀವ ಬರಬೇಕಾದ್ರೆ ಬರೆದು ಮುದ್ರೆ ಒತ್ತಿದರೆ ಸಾಲದು, ಅದನ್ನು ‘ಒಪ್ಪಿಸಬೇಕು’. ಒಪ್ಪಿಸಿದ ಕ್ಷಣದಿಂದಲೇ ಅದು ಪತ್ರ. ಜನ ಇಲ್ಲೊಂದು ದಾರಿ ಕಂಡುಕೊಂಡರು. ಮಾರೋನು ಮುದ್ರೆ ಒತ್ತಿ ಪತ್ರವನ್ನು ಮೂರನೆಯವನ ಕೈಗೆ ಕೊಡ್ತಾನೆ: ‘ಅವನು ಪೂರ್ತಿ ದುಡ್ಡು ಕೊಟ್ಟ ದಿನ ಇದನ್ನ ಅವನಿಗೆ ಕೊಡು.’ ಆ ದಿನದವರೆಗೂ ಅದು ಪತ್ರ ಅಲ್ಲ, ಬರೀ ಚೂರು. ಎಸ್ಕ್ರೋ. ಹೆಸರಲ್ಲೇ ಅದರ ಯೋಗ್ಯತೆ ಹೇಳಿಬಿಟ್ಟಿದ್ದಾರೆ.

ಗಮನಿಸಿ, ಆಗ ಮೂರನೆಯವನ ಕೈಯಲ್ಲಿ ಇರ್ತಿದ್ದದ್ದು ಕಾಗದ. ದುಡ್ಡು ಆ ಜಾಗಕ್ಕೆ ಬಂದದ್ದು ಆಮೇಲೆ.

ನಿಯಮಗಳೂ ಖಡಕ್ಕಾಗಿದ್ದವು. ಷರತ್ತು ಹಾಕಿ ಪತ್ರವನ್ನು ನೇರ ಕೊಳ್ಳೋನ ಕೈಗೇ ಕೊಟ್ಟರೆ ಷರತ್ತು ಗಾಳಿಗೆ ಹೋಯ್ತು, ಪತ್ರ ಊರ್ಜಿತ. ಹಾಗಾಗಿ ಮಧ್ಯದವನು ನಿಜವಾಗ್ಲೂ ಹೊರಗಿನವನಾಗಿರಬೇಕು. ನನಗೆ ಇಷ್ಟವಾದ ಇನ್ನೊಂದು ನಿಯಮ ಇದೆ. ಮಧ್ಯದಲ್ಲಿ ಮಾರೋನು ಸತ್ತೇ ಹೋದ ಅನ್ಕೊಳ್ಳಿ. ಆಮೇಲೆ ಕೊಳ್ಳೋನು ಷರತ್ತು ಪೂರೈಸಿದರೆ, ಪತ್ರ ಮೊದಲು ಕೈಬದಲಾದ ದಿನದಿಂದಲೇ ಜಾರಿಯಲ್ಲಿತ್ತು ಅಂತ ಕೋರ್ಟು ನೋಡ್ತಿತ್ತು. ಮಕ್ಕಳು ಬಂದು ‘ನಮ್ಮಪ್ಪನ ಜಮೀನು’ ಅನ್ನೋ ಹಾಗಿಲ್ಲ. ನಮ್ಮ ಊರುಗಳಲ್ಲಿ ಎಷ್ಟು ವ್ಯಾಜ್ಯ ಇದೊಂದರಿಂದಲೇ ಹುಟ್ಟಿದೆ, ನಿಮಗೇ ಗೊತ್ತು.

ಇಂಗ್ಲೆಂಡಿನಲ್ಲಿ ಮುಂದೆ ಈ ಕೆಲಸ ಬಹುತೇಕ ಸಾಲಿಸಿಟರ್‌ಗಳ ಕೈ ಸೇರಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಒಂದು ಉದ್ಯಮ ಆಯ್ತು. ಅಲ್ಲಿ ಮನೆ ಕೊಳ್ಳೋರು ‘ಎಸ್ಕ್ರೋದಲ್ಲಿದ್ದೀವಿ’ ಅಂತ ನಾವು ‘ರಿಜಿಸ್ಟ್ರೇಷನ್ ಇದೆ’ ಅಂದಷ್ಟೇ ಸಹಜವಾಗಿ ಹೇಳ್ತಾರೆ.

ನಮ್ಮಲ್ಲಿ? ಬ್ರಿಟಿಷರು 1882ರಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ತಂದರು. ಅದರ 54ನೇ ಸೆಕ್ಷನ್ ಪ್ರಕಾರ 100 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟಕ್ಕೆ ನೋಂದಾಯಿತ ಪತ್ರವೇ ಬೇಕು. ಅದೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತೆ: ಮಾರಾಟದ ಕರಾರಿನಿಂದ ಮಾತ್ರ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟೋದಿಲ್ಲ. ಚಿಕ್ಕಪ್ಪನ ಸ್ಟಾಂಪ್ ಪೇಪರ್ ಅಂದ್ರೆ ಅಷ್ಟೇ. 1908ರ ನೋಂದಣಿ ಕಾಯ್ದೆ ಸಹಿಯಾದ ಪತ್ರವನ್ನು 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು ಅನ್ನುತ್ತೆ. ಅಂದ್ರೆ ಪತ್ರವನ್ನು ಯಾರ ಹತ್ರವೋ ವರ್ಷಗಟ್ಟಲೆ ಇಡೋಕೆ ಜಾಗವೇ ಇಲ್ಲ. ಇಂಗ್ಲಿಷ್ ಎಸ್ಕ್ರೋ ನಮ್ಮ ಮನೆ-ಸೈಟು ವ್ಯವಹಾರದಲ್ಲಿ ಬೇರು ಬಿಡದೇ ಇರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಆ ಖಾಲಿ ಜಾಗವನ್ನು ಅಡ್ವಾನ್ಸ್ ಮತ್ತು ಬ್ರೋಕರ್ ಅಣ್ಣ ತುಂಬಿದರು.

ಹಾಗಂತ ಭಾರತದಲ್ಲಿ ಎಸ್ಕ್ರೋ ಇಲ್ಲವೇ ಇಲ್ಲ ಅಂತಲ್ಲ. ದೊಡ್ಡವರಿಗೆ ಇದೆ. ಲಿಸ್ಟೆಡ್ ಕಂಪನಿಯನ್ನು ಕೊಳ್ಳೋಕೆ ಓಪನ್ ಆಫರ್ ಕೊಟ್ಟರೆ, ಸೆಬಿಯ 2011ರ ನಿಯಮದಂತೆ ಮೊದಲ 500 ಕೋಟಿಗೆ ಶೇ. 25, ಉಳಿದದ್ದಕ್ಕೆ ಶೇ. 10ರಷ್ಟನ್ನು ಎಸ್ಕ್ರೋದಲ್ಲಿ ಇಡಬೇಕು. ಷೇರು ಮಾರೋರಿಗೆ ಇಷ್ಟು ಭದ್ರತೆ. ಜೀವಮಾನದ ಉಳಿತಾಯ ಹಾಕಿ ಸೈಟು ಕೊಳ್ಳೋರಿಗೆ ಎರಡು ಸಾಕ್ಷಿ ಸಹಿ!

ಅಷ್ಟರಲ್ಲಿ ಚೀನಾದಲ್ಲಿ ಇದೇ ಹಳೇ ಐಡಿಯಾ ಬೇರೆ ವೇಷ ಹಾಕಿತು. 2003ರಲ್ಲಿ ಟಾವೊಬಾವೊ ಅನ್ನೋ ಆನ್‌ಲೈನ್ ಮಾರುಕಟ್ಟೆ ಶುರುವಾದಾಗ ಅಪರಿಚಿತರನ್ನು ಯಾರೂ ನಂಬ್ತಿರಲಿಲ್ಲ. ಕೊಳ್ಳೋರ ದುಡ್ಡನ್ನು ನಾವು ಇಟ್ಕೋತೀವಿ, ವಸ್ತು ತಲುಪಿದ ಮೇಲೆ ಮಾರಾಟಗಾರರಿಗೆ ಕೊಡ್ತೀವಿ ಅಂತ ಕಂಪನಿ ಮುಂದೆ ಬಂತು. ಮೊದಲ ವ್ಯವಹಾರ 750 ಯುವಾನ್‌ನ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಅದೇ ಮುಂದೆ ಅಲಿಪೇ ಆಯ್ತು. ನಮ್ಮಲ್ಲೂ ಆನ್‌ಲೈನ್ ಅಂಗಡಿಗಳ ಪರವಾಗಿ ಹಣ ಪಡೆಯೋ ಪೇಮೆಂಟ್ ಅಗ್ರಿಗೇಟರ್‌ಗಳು ಅದನ್ನು ಎಸ್ಕ್ರೋ ಖಾತೆಯಲ್ಲಿ ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲಿ ಹೇಳಿತು.

ಫ್ಲಾಟುಗಳ ವಿಷಯದಲ್ಲಿ ಮಾತ್ರ ತುಂಬಾ ತಡವಾಯ್ತು. ಬಿಲ್ಡರ್‌ಗಳು ಒಂದು ಪ್ರಾಜೆಕ್ಟಿನ ದುಡ್ಡು ಎತ್ತಿ ಇನ್ನೊಂದಕ್ಕೆ ಸುರೀತಿದ್ರು. ನೋಯ್ಡಾದ ಆಮ್ರಪಾಲಿ ಪ್ರಕರಣದಲ್ಲಿ ಸುಮಾರು 42,000 ಕುಟುಂಬಗಳ ಮನೆ ಅರ್ಧಕ್ಕೇ ನಿಂತವು. ಅವರ ಹಣ ಬೇರೆಡೆಗೆ ಹರಿದಿದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಕಂಪನಿಯ ರೇರಾ ನೋಂದಣಿ ರದ್ದು ಮಾಡಿ, ಕಟ್ಟೋ ಕೆಲಸವನ್ನು ಸರ್ಕಾರಿ ಸಂಸ್ಥೆ ಎನ್‌ಬಿಸಿಸಿಗೆ ಒಪ್ಪಿಸಿತು.

2016ರ ರೇರಾ ಕಾಯ್ದೆ ಬಂದದ್ದೇ ಇಂಥದ್ದನ್ನು ತಡೆಯೋಕೆ. ಕೊಳ್ಳೋರಿಂದ ಬಂದ ಹಣದಲ್ಲಿ ಶೇ. 70 ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು. ಎಷ್ಟು ಕಟ್ಟಡ ಎದ್ದಿದೆಯೋ ಅಷ್ಟೇ ಪ್ರಮಾಣದಲ್ಲಿ ತೆಗೀಬಹುದು, ಅದಕ್ಕೂ ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ ಬೇಕು. ಇದನ್ನು ಪೂರ್ತಿ ಎಸ್ಕ್ರೋ ಅನ್ನೋಕೆ ನನಗೆ ಮನಸ್ಸು ಬರಲ್ಲ. ಖಾತೆ ಬಿಲ್ಡರ್‌ದೇ. ಹಳೇ ಇಂಗ್ಲೆಂಡಿನವರು ಹೇಳ್ತಿದ್ದ ಆ ಹೊರಗಿನವನು ಇಲ್ಲಿ ಅರ್ಧ ಮಾತ್ರ ಹೊರಗಿದ್ದಾನೆ. ಆದರೂ ಏನೂ ಇಲ್ಲದ ಕಾಲಕ್ಕಿಂತ ಎಷ್ಟೋ ವಾಸಿ. ಇನ್ನೊಂದು ವಿಷಯ: ನೋಂದಾಯಿತ ಕರಾರು ಮಾಡದೇ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಬಿಲ್ಡರ್ ತಗೊಳ್ಳೋ ಹಾಗಿಲ್ಲ. ಫ್ಲಾಟ್ ಬುಕ್ ಮಾಡೋ ಫ್ರೆಂಡ್ಸ್ ಇದ್ರೆ ಇದೊಂದು ಹೇಳಿಬಿಡಿ.

ಆದ್ರೆ ಚಿಕ್ಕಪ್ಪನ ಥರ ಒಬ್ಬರಿಂದ ಒಬ್ಬರು ಕೊಳ್ಳೋ ಹಳೇ ಸೈಟು, ಮನೆ ರೇರಾ ವ್ಯಾಪ್ತಿಗೆ ಬರಲ್ಲ. ಬ್ಯಾಂಕ್ ಜೊತೆ ಮೂವರ ಒಪ್ಪಂದ ಮಾಡಿ ಎಸ್ಕ್ರೋ ಖಾತೆ ತೆಗೀಬಹುದು, ಆದ್ರೆ ಶುಲ್ಕ ಇದೆ, ಓಡಾಟ ಇದೆ, ಮಾರೋರೂ ಒಪ್ಪಬೇಕು.

ಚಿಕ್ಕಪ್ಪನಿಗೆ ಕಂತು ಕಂತಾಗಿ 3 ಲಕ್ಷ ವಾಪಸ್ ಬಂದಿದೆ. ಹೋದ ತಿಂಗಳು ಇನ್ನೊಂದು ಸೈಟು ನೋಡೋಕೆ ನಾನೂ ಜೊತೆಗೆ ಹೋಗಿದ್ದೆ. ‘ಅಡ್ವಾನ್ಸ್ ಬ್ಯಾಂಕಲ್ಲೇ ಇರಲಿ, ರಿಜಿಸ್ಟ್ರೇಷನ್ ದಿನ ನಿಮಗೆ ಸೇರತ್ತೆ’ ಅಂತ ನಾನೇ ಬಾಯಿಬಿಟ್ಟೆ. ಸೈಟಿನವರು ನನ್ನ ಮುಖ ನೋಡಿ, ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, ‘ಏನ್ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ?’ ಅಂದ್ರು. ಮೂರು ದಿನಕ್ಕೆ ಸೈಟು ಬೇರೆಯವರಿಗೆ ಹೋಯ್ತು.